ಸೈಲೆಂಟ್ ವ್ಯಾಲಿಗೆ ಹೋದರೆ ಸಿಂಗಳೀಕ ಕಾಣಸಿಗುವುದೇ?

ಪ್ರಶ್ನೆ (ಬದಿಯಡ್ಕದಿಂದ):
ಮಾನ್ಯರೇ, ಡಿಸೆಂಬರ್ ರಜೆಯಲ್ಲಿ ಎಪ್ಪತ್ತು ದಾಟಿದ ತಂದೆಯವರನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಯೋಚನೆಯಿದೆ. ಮಗಳಿಗೆ ಸಿಂಗಳೀಕವನ್ನು ನೋಡುವ ಆಸೆ. ಯಕ್ಷಗಾನದಲ್ಲಿ ಹಲವು ವರ್ಷ ಸ್ತ್ರೀವೇಷ ಮಾಡಿದ ತಂದೆಯವರಿಗೆ, ಆ ಕಾಡಿನೊಳಗೆ ಸೈರಂಧ್ರಿ ಎಂಬ ಹೆಸರಿನ ಜಾಗವಿದೆ ಎಂದು ಕೇಳಿದ್ದೇ ಹೊರಡಲು ಸಾಕಾಗಿದೆ. ನಮ್ಮ ಕಾರನ್ನು ಒಳಗೆ ಬಿಡುತ್ತಾರೆಯೇ? ಎಷ್ಟು ನಡೆಯಬೇಕಾಗುತ್ತದೆ?

ಉತ್ತರ 1 (ಪೆರ್ಲದಿಂದ):
ಕಾರು ಕಾಡಿನ ಅಂಚಿನ ಮುಕ್ಕಾಲಿ ಎಂಬ ಊರಿನವರೆಗೆ ಮಾತ್ರ. ರೈಲಿನಲ್ಲಿ ಪಾಲಕ್ಕಾಡಿಗೆ ಹೋಗಿ ಮಣ್ಣಾರ್ಕಾಡಿನ ಮೂಲಕ ಮುಕ್ಕಾಲಿ ಸೇರುವುದು ಸುಲಭ. ಮಲಯಾಳ ಬರುವ ನಮ್ಮವರಿಗೆ ಭಾಷೆಯ ತೊಂದರೆಯೂ ಇಲ್ಲ. ಅಲ್ಲಿಂದ ಸೈರಂಧ್ರಿಗೆ 23 ಕಿ.ಮೀ. ದಾರಿಯನ್ನು ಅರಣ್ಯ ಇಲಾಖೆ ಒಪ್ಪಿದ ಜೀಪಿನಲ್ಲಿ, ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಮೊದಲೇ ಕಾದಿರಿಸಿ, ಬೆಳಿಗ್ಗೆ ಆದಷ್ಟು ಬೇಗ ಮುಕ್ಕಾಲಿಯಲ್ಲಿರಿ. ದಾರಿ ಕುಲುಕುತ್ತದೆ, ಆದ್ದರಿಂದ ತಂದೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಸೈರಂಧ್ರಿಯ ವೀಕ್ಷಣಾ ಗೋಪುರದ ಮೆಟ್ಟಿಲು ಅವರಿಗೆ ಕಷ್ಟವಾದೀತು. ಕುಂತಿ ಹೊಳೆಯ ತೂಗುಸೇತುವೆಗೆ ಸುಮಾರು ಒಂದೂವರೆ ಕಿ.ಮೀ. ಇಳಿಯಬೇಕು, ಇಳಿದದ್ದನ್ನು ಮತ್ತೆ ಹತ್ತಬೇಕು ಎಂಬುದನ್ನು ಮರೆಯಬೇಡಿ.

ಉತ್ತರ 2 (ನೀರ್ಚಾಲಿನಿಂದ, ನಿವೃತ್ತ ಅಧ್ಯಾಪಕ):
ಸಿಂಗಳೀಕ ಕಂಡೇ ಕಾಣುತ್ತದೆ ಎಂದು ಮಗಳಿಗೆ ಮಾತು ಕೊಡಬೇಡಿ. ಕಪ್ಪು ಮಂಗಗಳೆಲ್ಲ ಸಿಂಗಳೀಕವಲ್ಲ: ಬಾಲ ಉದ್ದವಾಗಿ ಇಳಿಬಿದ್ದು ತಲೆ ಕಂದಾಗಿದ್ದರೆ ಅದು ನೀಲಗಿರಿ ಮುಸುವ, ಮುಖದ ಸುತ್ತ ಬೂದುಬಿಳಿ ಕೇಸರವಿದ್ದು ಗಿಡ್ಡ ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಮಾತ್ರ ಸಿಂಗಳೀಕ, ಅಂದರೆ ಮಲಯಾಳದ ‘ಸಿಂಹವಾಲನ್’. ಅದನ್ನು ಹುಡುಕುವ ಬದಲು ಮರವನ್ನು ಹುಡುಕಿ. ಮಲಯಾಳದಲ್ಲಿ ‘ವೆಡಿಪ್ಲಾವ್’ ಎನ್ನುವ ಕುಲೀನಿಯಾ ಮರದ ಕಾಯಿ ಮುಳ್ಳುಮುಳ್ಳಾಗಿ ಪುಟ್ಟ ಹಲಸಿನಂತಿರುತ್ತದೆ. ಹೆಸರಿನಲ್ಲಿ ‘ಪ್ಲಾವ್’ (ಹಲಸು) ಇದ್ದರೂ ಅದು ನಮ್ಮ ಹಲಸಿನ ಬಳಗದ್ದಲ್ಲ, ದುರಿಯಾನ್ ಹಣ್ಣಿನ ಮರದ ನಂಟಿನದು. ಅದರ ಹೂವೂ ಬೀಜವೂ ಸಿಂಗಳೀಕದ ಮುಖ್ಯ ಆಹಾರ. ನಾನು ಹೋದಾಗ ಮೊದಲು ಕಂಡದ್ದು ಮಂಗವಲ್ಲ, ದಾರಿಯ ಮೇಲೆ ಹಲ್ಲಿನ ಗುರುತಿದ್ದ, ಇನ್ನೂ ಒದ್ದೆಯಾಗಿದ್ದ ಮುಳ್ಳುಸಿಪ್ಪೆ. ಮಾರ್ಗದರ್ಶಕರು ಸುಮ್ಮನಿರಲು ಕೈಸನ್ನೆ ಮಾಡಿದರು. ಹತ್ತು ನಿಮಿಷ ಕಾದ ಮೇಲೆ ಎಲೆಗಳ ನಡುವೆ ಕುಚ್ಚಿನ ಬಾಲವೊಂದು ಅಲುಗಿತು. ಕಂಡದ್ದು ಅಷ್ಟೇ.

1970ರ ದಶಕದಲ್ಲಿ ಸೈರಂಧ್ರಿಯ ಬಳಿಯೇ ಕುಂತಿ ಹೊಳೆಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಾಗ, ಮುಳುಗಲಿದ್ದ ಕಾಡಿನ ಪರವಾಗಿ ಎದ್ದ ವಾದಗಳಲ್ಲಿ ಈ ಮಂಗದ ಹೆಸರೇ ಎಲ್ಲಕ್ಕಿಂತ ಮುಂದಿತ್ತು. ಯೋಜನೆಯನ್ನು ಕೈಬಿಟ್ಟ ಬಳಿಕ, 1985ರಲ್ಲಿ ಉದ್ಯಾನವನ್ನು ಉದ್ಘಾಟಿಸಲಾಯಿತು.

ಉತ್ತರ 3 (ಕುಂಬಳೆಯಿಂದ):
ಮಾಸ್ಟ್ರೇ, ಜೀರುಂಡೆಗಳಿಲ್ಲದ್ದರಿಂದ ‘ಸೈಲೆಂಟ್’ ಎಂಬ ಹೆಸರು ಬಂತೆನ್ನುತ್ತಾರೆ, ಆದರೆ ನನ್ನ ಕಿವಿಗೆ ಅವುಗಳ ಸದ್ದು ಚೆನ್ನಾಗಿಯೇ ಬಿದ್ದಿದೆ! ಇಂಬಳ (ಜಿಗಣೆ) ಮಳೆಗಾಲದಷ್ಟು ಡಿಸೆಂಬರಿನಲ್ಲಿ ಇರುವುದಿಲ್ಲ. ಆದರೂ ಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ಉಪ್ಪು ಇರಲಿ. ಪ್ಲಾಸ್ಟಿಕ್ ಒಯ್ಯಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ನಾನೂ ಮಗಳೂ ಸೇತುವೆಗೆ ಇಳಿಯುತ್ತೇವೆ. ತಂದೆಯವರು ಸೈರಂಧ್ರಿಯಲ್ಲೇ ಕುಳಿತಿರುತ್ತಾರಂತೆ. ಕೀಚಕನೇ ಬಂದರೂ ಏಳುವುದಿಲ್ಲವಂತೆ.