ಲೀಮರ್, ವುಡ್‌ಲೌಸ್: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಈ ಎರಡು ಪ್ರಭೇದಗಳನ್ನು ಹೋಲಿಸುವ ಪಾಠವೊಂದು ವಿರಾಜಪೇಟೆ ಕಡೆಯ ಮಕ್ಕಳಿಗಾಗಿ ಕನ್ನಡಕ್ಕೆ ಬರುತ್ತಿದೆ. ಲೀಮರ್‌ಗೆ ‘ಕಾಡುಪಾಪ’, ವುಡ್‌ಲೌಸ್‌ಗೆ ‘ಮರಹೇನು’ ಎಂದರೆ ನಡೆದೀತೆ?

ಉತ್ತರ: ಎರಡೂ ಬೇಡ. ಕಾಡುಪಾಪ ಎಂದರೆ ಲೋರಿಸ್, ಆ ಮಕ್ಕಳ ಊರಿನದೇ ಪ್ರಾಣಿ. ಲೀಮರ್ ಕೂಡ ಮರ ಹತ್ತುವ ಪ್ರಾಣಿ, ಆದರೆ ಅದರ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಗೊಂದಲ ಇಂದಿನದಲ್ಲ, 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನಿಯಸ್ ಲೋರಿಸನ್ನೂ ‘ಲೀಮರ್’ ಕುಲಕ್ಕೇ ಸೇರಿಸಿದ್ದ. ಲ್ಯಾಟಿನ್ನಿನ ‘ಲೆಮುರೆಸ್’ ಅಂದರೆ ಪ್ರೇತಗಳು. ಇರುಳಲ್ಲಿ ಓಡಾಡುವ ಜೀವ ಅವನಿಗೆ ಪ್ರೇತ, ನಮ್ಮವರಿಗೆ ಪಾಪ! ಗುರುತು ಸುಲಭ: ಕಾಡುಪಾಪಕ್ಕೆ ಬಾಲ ಕಾಣುವುದಿಲ್ಲ, ತೋರುಬೆರಳು ಮೋಟು, ಕೊಂಬೆ ಹಿಡಿದರೆ ಇಕ್ಕಳದ ಹಿಡಿತ. ಉಂಗುರಬಾಲದ ಲೀಮರ್ ಹಗಲಿನ ಪ್ರಾಣಿ. ಉದ್ದ ಬಾಲದ ಮೇಲೆ ಕಪ್ಪು ಬಿಳಿ ಪಟ್ಟೆ. ‘ಲೀಮರ್’ ಎಂದೇ ಉಳಿಸಿಕೊಳ್ಳಿ.

‘ಮರಹೇನು’ ಇನ್ನೂ ತಪ್ಪು ದಾರಿಗೆ ಎಳೆಯುತ್ತದೆ. ವುಡ್‌ಲೌಸ್ ಹೇನಲ್ಲ, ಕೀಟವೂ ಅಲ್ಲ. ಗದ್ದೆ ಬದುವಿನ ಏಡಿಯ ನೆಂಟ, ನೆಲಕ್ಕೆ ಹತ್ತಿ ಬಂದ ಕವಚಜೀವಿ. ಉಸಿರಾಟದ ಅಂಗ ಹೊಟ್ಟೆಯ ಹಿಂಭಾಗದ ಅಡಿಯಲ್ಲಿದೆ, ಮೈಮೇಲೆ ನೀರು ತಡೆಯುವ ಮೇಣದ ಲೇಪವಿಲ್ಲ. ಹಾಗಾಗಿ ಒಣಗಿದರೆ ಸಾಯುತ್ತದೆ. ಹಾಲುವಾಣದ ಒದ್ದೆ ತರಗೆಲೆ, ಗೊಬ್ಬರದ ಗುಂಡಿ, ಕೊಳೆತ ದಿಮ್ಮಿಯ ಅಡಿ ಅದಕ್ಕೆ ಒಗ್ಗುವ ಜಾಗ. ತಾಯಿ ಮೊಟ್ಟೆಗಳನ್ನು ಎದೆಯಡಿಯ ಚೀಲದಲ್ಲಿ ಹೊತ್ತು ತಿರುಗುತ್ತಾಳೆ. ಪೊರೆ ಬಿಡುವುದು ಎರಡು ಕಂತಿನಲ್ಲಿ, ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಅರ್ಧ ಮೈ ಮಾತ್ರ ಬಿಳಚಿಕೊಂಡದ್ದು ಕಂಡರೆ ಬೇರೆ ಪ್ರಭೇದವೆಂದು ಬರೆದುಬಿಡಬೇಡಿ.

ಕೊಡಗಿನಲ್ಲಿ ಇನ್ನೊಂದು ತೊಡಕು. ಕಾಫಿ ತೋಟದಲ್ಲಿ ಮುಟ್ಟಿದೊಡನೆ ಗೋಲಿಯಂತೆ ಸುತ್ತಿಕೊಳ್ಳುವ ದಪ್ಪ ಹುಳುವನ್ನು ಹಲವರು ವುಡ್‌ಲೌಸ್ ಅಂದುಕೊಳ್ಳುತ್ತಾರೆ. ಅದು ಉಂಡೆ ಸುತ್ತುವ ಸಹಸ್ರಪದಿ. ಬಿಡಿಸಲು ಉಗುರು ಹಾಕಬೇಡಿ. ಒದ್ದೆ ಎಲೆಯ ಮೇಲಿಟ್ಟು ಸುಮ್ಮನಿದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ. ಆಗ ಕಾಲು ಎಣಿಸಿ. ಬೆಳೆದ ವುಡ್‌ಲೌಸ್‌ಗೆ 7 ಜೊತೆ, ಮೈಯ ಒಂದು ಖಂಡಕ್ಕೆ ಒಂದೇ ಜೊತೆ. ಸಹಸ್ರಪದಿಯ ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ. ವುಡ್‌ಲೌಸ್ ಮರಿಗಳ ಕಾಲು ಎಣಿಸಿ ಮೋಸಹೋಗಬೇಡಿ, ಚೀಲದಿಂದ ಹೊರಬಂದಾಗ ಅವಕ್ಕೆ ಇರುವುದು 6 ಜೊತೆ.

ಹೆಸರು? ವುಡ್‌ಲೌಸ್‌ನ ಗಣ ಐಸೊಪೊಡಾ, ಅಂದರೆ ಸಮಾನ ಪಾದದವು. ‘ನೆಲದ ಸಮಪಾದಿ’ ಎನ್ನಬಹುದು. ಸ್ವಲ್ಪ ಸಂಸ್ಕೃತದ ಭಾರ ಇದೆ, ಆದರೆ ಹೇನಿನ ಸುಳ್ಳಿಗಿಂತ ವಾಸಿ. ಮೊದಲ ಸಲ ಬಂದಾಗ ಪಕ್ಕದಲ್ಲಿ ‘ವುಡ್‌ಲೌಸ್’ ಸೇರಿಸಿ.

ಹಾಗೆಯೇ, ‘ಎರಡು ಪ್ರಭೇದ’ ಎಂಬುದನ್ನೂ ತಿದ್ದಿ. ಲೀಮರ್‌ಗಳಲ್ಲೇ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ವುಡ್‌ಲೌಸ್‌ಗಳಲ್ಲಿ ಸಾವಿರಾರು. ‘ಎರಡು ಗುಂಪು’ ಎಂದರೆ ಸರಿ.