ಹೊಳೆ ಬಂದಾಗ ಏನು ಕಳಿಸಬೇಕು, ಯಾರನ್ನು ಕೇಳಿ ಕಳಿಸಬೇಕು?

ಕೇಶ್ವಾಪುರದಿಂದ:

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗುತ್ತಿದೆ. ಈ ಸಲ ಹೊಳೆ ಬರುವ ಮೊದಲೇ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ 12 ಮನೆಯವರು ಸೇರಿ ಎರಡೇ ದಿನದಲ್ಲಿ ಒಂದು ಟಾಟಾ ಏಸ್ ತುಂಬಿಸಿದೆವು. ಬಟ್ಟೆ, ಬ್ರೆಡ್, ಬಿಸ್ಕತ್ತು, ನೀರಿನ ಬಾಟಲಿ. ಯಾರಿಗೂ ಫೋನ್ ಮಾಡಲಿಲ್ಲ, ಸೀದಾ ಹೊರಟೆವು. ಕೊಣ್ಣೂರು ಹತ್ತಿರ ಹೆದ್ದಾರಿ ಮೇಲೇ ನೀರು, ರಸ್ತೆ ಬಂದ್. ತಿರುಗಿ ಒಳದಾರಿ ಹಿಡಿದು ಯಾವುದೋ ಹಳ್ಳಿ ಮುಟ್ಟಿದೆವು. ಗಾಡಿ ನಿಲ್ಲಿಸಿದ್ದೇ ತಡ, ಜನ ಮುತ್ತಿದರು. ಕೈಗೆ ಸಿಕ್ಕಿದ್ದು ಕೊಡುತ್ತಾ ಹೋದೆವು. ಗಟ್ಟಿಮುಟ್ಟಾದವರಿಗೆ ಎರಡೆರಡು ಸಲ ಸಿಕ್ಕಿತು. ಹಿಂದೆ ಒಬ್ಬ ಅಜ್ಜಿ ಸೆರಗು ಒಡ್ಡಿಕೊಂಡು ನಿಂತಿದ್ದರು. ಅವರ ಸರದಿ ಬರುವಷ್ಟರಲ್ಲಿ ಗಾಡಿ ಖಾಲಿ. ವಾಪಸ್ ಬರುವಾಗ ದಾರಿ ಬದಿಯಲ್ಲಿ ಬೇರೆ ಯಾರೋ ತಂದ ಬಟ್ಟೆ ರಾಶಿರಾಶಿ ಕೆಸರಿನಲ್ಲಿ ಬಿದ್ದಿತ್ತು. ಆ ಅಜ್ಜಿಯ ಮುಖ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ.

ಈಗ ಅದೇ 12 ಮನೆಯವರು 60,000 ರೂಪಾಯಿ ಕೂಡಿಸಿ ಇಟ್ಟಿದ್ದೇವೆ. ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಏನು ತರಬೇಕು? ಯಾವ ದಿನ ತರಬೇಕು? ಯಾರ ಕೈಗೆ ಕೊಡಬೇಕು? ಕಾಳಜಿ ಕೇಂದ್ರದಲ್ಲಿ, ಅಂದರೆ ನೆರೆ ಬಂದಾಗ ಜನರನ್ನು ಇಡುವ ಶಿಬಿರದಲ್ಲಿ, ಕೆಲಸ ಮಾಡಿದವರು, ಅಲ್ಲಿ ಉಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹೊಳೆದಂಡೆ ಮಾಸ್ತರ್:

ಅಕ್ಕಾವ್ರೇ, ನಾನು ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯವನು. ಪ್ರಾಥಮಿಕ ಶಾಲೆಯ ಮಾಸ್ತರ್ ಆಗಿದ್ದೆ, ಈಗ ನಿವೃತ್ತ. 2019ರಲ್ಲಿ ನಮ್ಮ ಶಾಲೆಯೇ ಕಾಳಜಿ ಕೇಂದ್ರ. 19 ದಿನ ನಾನು ಅಲ್ಲೇ ಮಲಗಿದ್ದೆ.

ನೀವು ಸಾಮಾನಿನ ಬಗ್ಗೆ ಕೇಳಿದ್ದೀರಿ. ನಾನು ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಮೊದಲ ರಾತ್ರಿ ನಮಗೆ ಕಡಿಮೆ ಬಿದ್ದದ್ದು ಅದೇ.

ನಮ್ಮ ಶಾಲೆಯಲ್ಲಿ ಆರು ಕೋಣೆ. ಒಂದೊಂದು 20 ಅಡಿ ಉದ್ದ, 20 ಅಡಿ ಅಗಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು. ಆ ಲೆಕ್ಕದಲ್ಲಿ ಒಂದು ಕೋಣೆಗೆ ಹತ್ತು ಜನ. ಇದು ನನಗೆ ಗೊತ್ತಾದದ್ದು ಆಮೇಲೆ. ಆ ರಾತ್ರಿ ಒಂದೊಂದು ಕೋಣೆಯಲ್ಲಿ ನಲವತ್ತು ಜನ ಇದ್ದರು. ಬಾಣಂತಿ ಒಬ್ಬಳು ಕೂಸನ್ನು ಎದೆಗೆ ಅವುಚಿಕೊಂಡು ಬೆಳಗಿನವರೆಗೆ ಗೋಡೆಗೆ ಒರಗಿ ಕೂತೇ ಇದ್ದಳು. ಕಾಲು ಚಾಚಲು ಆಗಲಿಲ್ಲ.

ಇನ್ನು ನಾಲ್ಕನೇ ದಿನ ಏನಾಯಿತು ಕೇಳಿ. ಊರೂರಿಂದ ಬಂದ ಹಳೆ ಬಟ್ಟೆಯ ಗಂಟುಗಳು ಆರನೇ ಕೋಣೆಯನ್ನು ಚಾವಣಿಯವರೆಗೆ ತುಂಬಿದವು. ಆ ಕೋಣೆಯಲ್ಲಿದ್ದವರು ವರಾಂಡಕ್ಕೆ ಬಂದರು. ಮಳೆಯ ಎರಚಲು ಬಡಿಯುತ್ತಿತ್ತು. ಬಟ್ಟೆ ಒಳಗೆ, ಜನ ಹೊರಗೆ. ಕೊಟ್ಟವರ ಮನಸ್ಸು ಒಳ್ಳೆಯದು, ಅದನ್ನು ನಾನು ಒಂದು ದಿನವೂ ಹಗುರ ಮಾಡಿ ಮಾತಾಡಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳು ಉಡುವುದು ಸೀರೆ. ಬಂದದ್ದರಲ್ಲಿ ಜೀನ್ಸ್ ಪ್ಯಾಂಟೇ ಜಾಸ್ತಿ. ಅವರಿಗೆ ಬೇಕಿದ್ದದ್ದು ಹೊಸ ಒಳಉಡುಪು, ಪ್ಯಾಡು, ಟವೆಲ್ಲು. ಅದನ್ನು ನನ್ನ ಹತ್ತಿರ ಬಂದು ಹೇಳಲು ಅವರಿಗೆ ಸಂಕೋಚ. ಅಂಗನವಾಡಿ ಟೀಚರ್ ಬಂದು ಕೂತ ಮೇಲೆ ಎಲ್ಲ ಹೊರಗೆ ಬಂತು. ಹಾಗಾಗಿ ನಿಮ್ಮ ಗುಂಪಿನಲ್ಲಿ ಫೋನ್ ಮಾಡುವವರು ಹೆಂಗಸರೇ ಇರಲಿ, ಆ ಕಡೆ ಮಾತಾಡುವವರೂ ಹೆಂಗಸರೇ ಇರಲಿ.

ನೀರಿನ ಬಾಟಲಿ ತರಬೇಡಿ. ಕುಡಿಯುವುದಕ್ಕೇ ಒಬ್ಬರಿಗೆ ದಿನಕ್ಕೆ 3 ಲೀಟರ್ ಬೇಕು. 300 ಜನಕ್ಕೆ 900 ಲೀಟರ್ ಆಯಿತು. ಒಂದು ಲೀಟರಿನ 12 ಬಾಟಲಿಯ ಪೆಟ್ಟಿಗೆ ಲೆಕ್ಕ ಹಾಕಿದರೆ ದಿನಕ್ಕೆ 75 ಪೆಟ್ಟಿಗೆ. ಅದರ ಬದಲು ನಲ್ಲಿ ಕೂಡಿಸಿದ 1,000 ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕ್ ಕೊಡಿ. ಟ್ಯಾಂಕರ್ ಬಂದು ತುಂಬಿಸಿ ಹೋಗುತ್ತದೆ. ನಮಗೆ ಅಂಥದ್ದೊಂದು ಐದನೇ ದಿನ ಬಂತು. ಮೊದಲ ದಿನವೇ ಇದ್ದಿದ್ದರೆ ಎಷ್ಟು ಮಕ್ಕಳ ಹೊಟ್ಟೆ ಕೆಡುವುದು ತಪ್ಪುತ್ತಿತ್ತೋ.

ಊಟಕ್ಕೆ ನಮ್ಮ ಬಿಸಿಯೂಟದ ಅಕ್ಕಂದಿರೇ ಒಲೆ ಹೊತ್ತಿಸಿದರು. ಅಕ್ಕಿ, ಬೇಳೆ ಬಂತು. ಕಡಿಮೆ ಬಿದ್ದದ್ದು ಉಪ್ಪು, ಖಾರದ ಪುಡಿ, ಗ್ಯಾಸ್ ಸಿಲಿಂಡರ್, ದೊಡ್ಡ ಪಾತ್ರೆ. ಬ್ರೆಡ್ಡು ಎರಡನೇ ದಿನಕ್ಕೇ ಬೂಸ್ಟು ಹಿಡಿಯಿತು. ಎಲ್ಲಕ್ಕಿಂತ ಕೈ ಹಿಡಿದದ್ದು ಕಟಕ ರೊಟ್ಟಿ, ಅಂದರೆ ಒಣಗಿಸಿದ ಗಟ್ಟಿ ಜೋಳದ ರೊಟ್ಟಿ, ಮತ್ತು ಶೇಂಗಾ ಚಟ್ನಿ. ನೀರು ಬರದ ಊರುಗಳ ಹೆಣ್ಣುಮಕ್ಕಳು ರಾತ್ರಿಯಿಡೀ ಬಡಿದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದರು. ಅದನ್ನು ಬೇಯಿಸಬೇಕಿಲ್ಲ, ವಾರ ಇಟ್ಟರೂ ಕೆಡುವುದಿಲ್ಲ. ನಮ್ಮ ಜನರ ನಾಲಿಗೆಗೆ ಹತ್ತುವ ಊಟ. ಒಬ್ಬ ಅಜ್ಜ ರೊಟ್ಟಿ ಕೈಗೆ ತೆಗೆದುಕೊಂಡು ಮೊದಲು ಮೂಸಿ ನೋಡಿದ. ಆಮೇಲೆ ಅತ್ತ.

ಈಗ ಯಾರೂ ಕೇಳದ ಒಂದು ವಿಷಯ ಹೇಳುತ್ತೇನೆ. ದನಕರು. ಡಂಗುರ ಸಾರಿದರೂ, ಗುಡಿಯ ಮೈಕಿನಲ್ಲಿ ಕೂಗಿದರೂ ಮನೆ ಬಿಟ್ಟು ಬರದವರಲ್ಲಿ ಅರ್ಧಕ್ಕರ್ಧ ಜನ ಎತ್ತು, ಎಮ್ಮೆ ಕಟ್ಟಿದವರು. ನಮ್ಮ ಓಣಿಯ ಒಬ್ಬ ರೈತ ಸೊಂಟದವರೆಗೆ ನೀರು ಬಂದರೂ ಎತ್ತಿನ ಹಗ್ಗ ಬಿಡಲಿಲ್ಲ. "ಇವನ್ನ ಎಲ್ಲಿ ಕಟ್ಟಲಿ ಹೇಳ್ರಿ, ಬರ್ತೀನಿ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ದಿಬ್ಬದ ಮೇಲಿನ ಒಂದು ಹೊಲದವರು ಜಾಗ ಬಿಟ್ಟುಕೊಟ್ಟರು, ಆಗ ಅವನೂ ಬಂದ, ಅವನ ಹಿಂದೆ ಇನ್ನೂ ಏಳೆಂಟು ಮನೆಯವರು ಬಂದರು. ಆದರೆ ಅಲ್ಲಿ ಮೇವಿಲ್ಲ. ದೊಡ್ಡ ಎತ್ತಿಗೆ ದಿನಕ್ಕೆ ಆರೇಳು ಕಿಲೋ ಒಣ ಮೇವು ಬೇಕು. ಬಣವಿ ಎಲ್ಲ ಹೊಳೆ ಪಾಲು. ನಿಮ್ಮ 60,000ದಲ್ಲಿ ಒಂದು ಪಾಲು ಕಣಿಕೆಗೆ, ಅಂದರೆ ಜೋಳದ ಒಣ ದಂಟಿನ ಮೇವಿಗೆ, ಇಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ಎತ್ತಿಗೆ ಮೇವು ಸಿಕ್ಕರೆ ಮನುಷ್ಯ ಬರುತ್ತಾನೆ.

ಇನ್ನು ಯಾರ ಕೈಗೆ ಕೊಡಬೇಕು ಅನ್ನುವುದು. ನಾನು ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮನೆವಾರು ಬರೆಯುತ್ತಾ ಹೋದೆ. ಎಷ್ಟು ಜನ, ಹಾಲು ಕುಡಿಯುವ ಕೂಸು ಎಷ್ಟು, ಬಸುರಿ ಯಾರು, ಬಿಪಿ ಶುಗರ್ ಗುಳಿಗೆ ಯಾರಿಗೆ ಬೇಕು, ದನ ಎಷ್ಟು. ಸಂಜೆ ಆರಕ್ಕೆ ನಾಳೆಗೆ ಬೇಕಾದ್ದನ್ನು ಗೋಡೆಗೆ ಅಂಟಿಸುತ್ತಿದ್ದೆ. ಆರಕ್ಕೆ ಫೋನ್ ಮಾಡಿದವರು ಸರಿಯಾದ ಸಾಮಾನು ತಂದರು. ಹೇಳದೆ ಬಂದವರು ಬ್ರೆಡ್ ತಂದರು. ಹಾಗಾಗಿ ಯಾವ ಕೇಂದ್ರದಲ್ಲಿ ಇಂಥ ಪುಸ್ತಕ ಇದೆಯೋ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ನಿಮ್ಮಲ್ಲೇ ಒಬ್ಬರು ಎರಡು ದಿನ ಕೂತು ಆ ಪುಸ್ತಕ ಬರೆದುಕೊಡಿ. ಆಗ ಹಿಂದೆ ನಿಂತ ಅಜ್ಜಿಯ ಹೆಸರೂ ಅದರಲ್ಲಿ ಬರುತ್ತದೆ.

ಪಂಚಾಯ್ತಿ ಕೆಲಸ:

ಮಾಸ್ತರ್ ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ಮಳೆಗಾಲಕ್ಕೆ ಮುಂಚೆ ಯಾವ ಊರಿಗೆ ಯಾವ ಶಾಲೆ, ಯಾವ ಸಮುದಾಯ ಭವನ ಅಂತ ಕಾಳಜಿ ಕೇಂದ್ರಗಳ ಪಟ್ಟಿ ಮಾಡಿರುತ್ತಾರೆ. ಪಂಚಾಯ್ತಿಯ ಪಿಡಿಒ ಅಥವಾ ಊರಿನ ಕಂದಾಯ ನೋಡುವ ತಲಾಠಿಯನ್ನು ಈಗಲೇ ಕೇಳಿ. ಹೊಳೆ ಬಂದ ಮೇಲೆ ಅವರ ಫೋನ್ ಸಿಗುವುದು ಕಷ್ಟ. ಆಗ ಜಿಲ್ಲೆಯ ಕಂಟ್ರೋಲ್ ರೂಮ್ ನಂಬರ್ 1077ಕ್ಕೆ ಮಾಡಿ, ಯಾವ ರಸ್ತೆ ತೆರೆದಿದೆ ಅಂತ ತಿಳಿದುಕೊಂಡೇ ಗಾಡಿ ಬಿಡಿ.

ಗಾಡಿಯ ಮೇಲಿಂದ ಹಂಚಲೇಬೇಡಿ. ಕೇಂದ್ರಕ್ಕೆ ಕೊಟ್ಟು ಸ್ಟಾಕ್ ಪುಸ್ತಕದಲ್ಲಿ ಬರೆಸಿ, ಸಹಿ ತೆಗೆದುಕೊಳ್ಳಿ.

ಕೇಶ್ವಾಪುರದಿಂದ:

ಇದನ್ನು ಕೇಳಲು ಸ್ವಲ್ಪ ಹಿಂಜರಿಕೆ, ಆದರೂ ಕೇಳುತ್ತೇನೆ. ಕೊಟ್ಟದ್ದು ಬೀಗ ಹಾಕಿದ ಕೋಣೆಯಲ್ಲೇ ಉಳಿದರೆ? ಹಾಗೆ ಆಗಿದ್ದನ್ನು ಕೇಳಿದ್ದೇವೆ. ನಮ್ಮ ಓಣಿಯವರು ನೇರ ಹಂಚಬೇಕು ಅನ್ನುವುದು ಅದಕ್ಕೇ.

ಪಂಚಾಯ್ತಿ ಕೆಲಸ:

ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಕೀಲಿ ಇರುವವರು ಬೇರೆ ಊರಿಗೆ ಹೋಗಿರುತ್ತಾರೆ, ಮೇಲಿನವರನ್ನು ಕೇಳದೆ ಕೊಡಲು ಹೆದರುತ್ತಾರೆ. ಅದಕ್ಕೇ ಬಂದದ್ದು ಎಷ್ಟು, ಕೊಟ್ಟದ್ದು ಎಷ್ಟು ಅಂತ ಗೋಡೆ ಮೇಲೆ ಬರೆಸಿ. ಕೇಂದ್ರದಲ್ಲಿ ಉಳಿದವರಲ್ಲೇ ಇಬ್ಬರು ಹೆಂಗಸರಿಗೆ ಹಂಚುವ ಜವಾಬ್ದಾರಿ ಕೊಡಿಸಿ. ಯಾರಿಗೆ ಏನಿಲ್ಲ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕಾಫಿತೋಟ:

ನಾನು ಕೊಡಗಿನವನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆ ಗುಡ್ಡ ಜಾರಿದಾಗ ಮಡಿಕೇರಿಯಲ್ಲಿ ಸಾಮಾನು ವಿಂಗಡಿಸುವ ಕೆಲಸ ಮಾಡಿದ್ದೆ. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆಯೇ ಕೊಚ್ಚಿ ಹೋಗಿತ್ತು.

ನಮ್ಮಲ್ಲಿ ಆದದ್ದೇನೆಂದರೆ, ಯಾರೂ "ಸಾಕು" ಅನ್ನಲಿಲ್ಲ. ಕೊಡುವವರಿಗೆ ಬೇಜಾರಾಗುತ್ತದೆ ಅಂತ ಸುಮ್ನೆ ಇದ್ದೆವು. ಸಾಮಾನು ಬರುತ್ತಲೇ ಇತ್ತು. ಹತ್ತು ಹುಡುಗರು ಬೆಳಗಿಂದ ರಾತ್ರಿವರೆಗೆ ಬಟ್ಟೆ ಮಡಚುತ್ತಾ ಕೂತರು. ಅದೇ ಹುಡುಗರು ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೋಗಿದ್ದರೆ ಎಷ್ಟೋ ಕೆಲಸ ಆಗುತ್ತಿತ್ತು. ಆ ಕೂಲಿಯವರಲ್ಲಿ ಎಷ್ಟೋ ಜನರ ಹತ್ತಿರ ಒಂದು ಕಾಗದವೂ ಇರಲಿಲ್ಲ, ಪಟ್ಟಿಯಲ್ಲಿ ಹೆಸರು ಸೇರಿಸಲೇ ಅವರು ಓಡಾಡಬೇಕಾಯಿತು. ಹಾಗಾಗಿ ಒಂದೊಂದು ಡಬ್ಬಿಯಲ್ಲಿ ಒಂದೇ ಥರದ ಸಾಮಾನು ಹಾಕಿ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಷ್ಟು ಮಾಡಿದರೆ ಅಲ್ಲಿ ಒಬ್ಬರ ಒಂದು ದಿನ ಉಳಿಯುತ್ತದೆ.

ಇನ್ನೊಂದು. ಕೊಡುವಾಗ ಫೋಟೋ ತೆಗೆಯಬೇಡಿ. ನನ್ನ ಅತ್ತೆ ಶಿಬಿರದಲ್ಲಿದ್ದರು. ಕಂಬಳಿ ತೆಗೆದುಕೊಳ್ಳುವಾಗ ಕ್ಯಾಮೆರಾ ಕಡೆ ನೋಡಿ ಅಂದರಂತೆ. ಅವರು ಆ ಕಂಬಳಿ ಹೊದೆಯಲೇ ಇಲ್ಲ.

ಮಾಸ್ತರೇ, ಆ ವರ್ಷ ನಮಗೂ ನಿಮ್ಮ ಕಡೆಯಿಂದ ಜೋಳದ ರೊಟ್ಟಿ ಬಂದಿತ್ತು. ನಾನು ರೊಟ್ಟಿ ತಿಂದದ್ದು ಅದೇ ಮೊದಲು.

ಹೊಳೆದಂಡೆ ಮಾಸ್ತರ್:

ಓದಿ ಸಂತೋಷ ಆಯಿತು ತಮ್ಮಾ. ಬಂದಾಗ ಬಿಸಿ ರೊಟ್ಟಿ ಉಣ್ಣುವಿರಂತೆ.

ಅಕ್ಕಾವ್ರೇ, ನಿನ್ನೆ ಒಂದು ವಿಷಯ ಬಿಟ್ಟುಹೋಯಿತು. ನೀವು ಹಣವನ್ನು ಎರಡು ಸಲಕ್ಕೆ ಒಡೆದು ಇಟ್ಟುಕೊಳ್ಳಿ. ಹೊಳೆ ಇಳಿದ ಕೂಡಲೇ ಟಿವಿಯವರು ಹೋಗುತ್ತಾರೆ, ಗಾಡಿ ಬರುವುದೂ ನಿಲ್ಲುತ್ತದೆ. ಆದರೆ ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ಬೀಳುವುದು ನೀರು ಇಳಿದ ಮೇಲೆ. ನೆನೆದ ಗೋಡೆ ಚಾವಣಿಯ ಮೇಲಿನ ಮಣ್ಣಿನ ಭಾರ ತಡೆಯುವುದಿಲ್ಲ. ನಿಂತಿದೆ ಅಂತ ಒಳಗೆ ಹೋಗಿ ಮಲಗಿದರೆ ರಾತ್ರಿ ಕುಸಿಯುತ್ತದೆ. ಹಾಗಾಗಿ ಆ ಎರಡು ವಾರ ಜನರಿಗೆ ಮನೆಯ ಹೊರಗೆ ಮಲಗಲು ತಾಡಪತ್ರಿ ಬೇಕು. ತೆಳು ನೀಲಿ ಹಾಳೆ ತರಬೇಡಿ, ಗಾಳಿಗೆ ಹರಿಯುತ್ತದೆ. ಅಂಚಿಗೆ ಹಗ್ಗ ಕಟ್ಟುವ ಉಂಗುರ ಇರುವ ದಪ್ಪನೆಯದು ತನ್ನಿ, ಜೊತೆಗೆ ಹಗ್ಗ. ಶಿಬಿರದಲ್ಲಿ ನಾಲ್ಕು ಬಿದಿರು ನೆಟ್ಟು ತಾಡಪತ್ರಿ ಸುತ್ತಿ ಹೆಂಗಸರಿಗೆ ಸ್ನಾನದ ಮರೆ ಮಾಡಿದ್ದೆವು. ಮೂರು ದಿನ ಮೈ ತೊಳೆಯದೆ ಇದ್ದವರು ಅವರು. ಶೌಚಾಲಯವೂ ಮೂರೇ ಇದ್ದವು, ಅವೂ ಮಕ್ಕಳಿಗೆ ಕಟ್ಟಿದ್ದು. 30 ಜನಕ್ಕೆ ಒಂದು ಬೇಕು ಅನ್ನುತ್ತದೆ ನಿಯಮ. ಕತ್ತಲಾಗಲಿ ಅಂತ ಕಾಯ್ದು ಹೋಗುತ್ತಿದ್ದರು. ಬಾಡಿಗೆಗೆ ಸಿಗುವ ಮೊಬೈಲ್ ಟಾಯ್ಲೆಟ್ ಹುಬ್ಬಳ್ಳಿಯಲ್ಲಿ ಎಲ್ಲಿದೆ ಅಂತ ಈಗಲೇ ವಿಚಾರಿಸಿ ಇಡಿ.

ಕೆಸರು ಬಳಿಯಲು ಸಲಿಕೆ, ಬುಟ್ಟಿ, ಪೊರಕೆ, ಬ್ಲೀಚಿಂಗ್ ಪೌಡರ್, ಇವೂ ಆಗಲೇ ಬೇಕು. ಬಳಿಯುವ ಮೊದಲು ಪ್ರತಿ ಮನೆಯ ಫೋಟೋ ತೆಗೆದುಕೊಡಿ. ಜನರ ಮುಖದ ಫೋಟೋ ಬೇಡ ಅಂತ ಕೊಡಗಿನ ತಮ್ಮ ಅಂದದ್ದು ಸರಿ, ಬಿದ್ದ ಗೋಡೆಯ ಫೋಟೋ ಬೇಕು. 2019ರಲ್ಲಿ ಸರ್ಕಾರ ತುರ್ತಿಗೆ 10,000 ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಮಾಡಿತು. ಎಲ್ಲ ನಿಂತದ್ದು ಪಂಚನಾಮೆಯ ಮೇಲೆ, ಅಂದರೆ ಅಧಿಕಾರಿಗಳು ಸ್ಥಳಕ್ಕೆ ಬಂದು ಹಾನಿ ನೋಡಿ ಬರೆದುಕೊಳ್ಳುವುದರ ಮೇಲೆ. ಸ್ವಚ್ಛ ಮಾಡಿದ ಮೇಲೆ ಅಳೆಯಲು ಬಂದವರಿಗೆ ನಮ್ಮ ಎಷ್ಟೋ ಜನ ಏನೂ ತೋರಿಸಲು ಆಗಲಿಲ್ಲ. ರೇಶನ್ ಕಾರ್ಡ್, ಹೊಲಮನೆಯ ಉತಾರ, ಪಾಸ್‌ಬುಕ್ ಇಡಲು ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮನೆಗೊಂದು ಈಗಲೇ ಹಂಚಿದರೆ, ಅದಕ್ಕಿಂತ ಅಗ್ಗದ ಸಹಾಯ ಇಲ್ಲ.

ಕೇಶ್ವಾಪುರದಿಂದ:

ಮಾಸ್ತರೇ, ಇವತ್ತು 12 ಮನೆಯವರೂ ಕೂತು ಇದನ್ನೆಲ್ಲ ಜೋರಾಗಿ ಓದಿದೆವು. ಬಟ್ಟೆ ಸಂಗ್ರಹ ಇಲ್ಲ. ಒಂದೇ ಊರು, ಒಂದೇ ಕೇಂದ್ರ. ಮೇವು, ಟ್ಯಾಂಕ್, ತಾಡಪತ್ರಿ ಮೊದಲು, ಅರ್ಧ ಹಣ ಹೊಳೆ ಇಳಿದ ಮೇಲೆ. ಸಂಜೆ ಆರಕ್ಕೆ ಫೋನ್ ಮಾಡುವುದು ನಾನು.

ಒಂದು ಪ್ರಶ್ನೆ ಉಳಿಯಿತು. ಆರು ಕೋಣೆಯಲ್ಲಿ ಹತ್ತು ಹತ್ತು ಅಂದರೆ 60 ಜನ. ಉಳಿದವರು ಎಲ್ಲಿ?

ಹೊಳೆದಂಡೆ ಮಾಸ್ತರ್:

ನಾನು ಕಾಯುತ್ತಿದ್ದ ಪ್ರಶ್ನೆ ಇದು.

2009ರ ನೆರೆ ಆದ ಮೇಲೆ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ನವಗ್ರಾಮ ಕಟ್ಟಿದರು. ನಮ್ಮ ಊರಿನದೂ ಇದೆ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ ಅಂತ ಎಷ್ಟೋ ಮಂದಿ ಹೋಗಲಿಲ್ಲ. ಜಾಲಿ ಕಂಟಿ ಬೆಳೆದು ಬಾಗಿಲು ಮುಚ್ಚಿದೆ. 2019ರಲ್ಲಿ ಕೊನೆಗೆ ಕೆಲವರು ಅಲ್ಲಿಗೇ ಓಡಿದರು, ಕತ್ತಲೆಯಲ್ಲಿ, ಹಾವಿಗೆ ಹೆದರುತ್ತಾ. ಅದರಲ್ಲಿ ಒಂದಿಪ್ಪತ್ತು ಮನೆಯನ್ನು ಮೊದಲೇ ಕಂಟಿ ಕಡಿದು, ಬಾಗಿಲು ಸರಿ ಮಾಡಿ, ದೀಪ, ನೀರು ಮಾಡಿಟ್ಟರೆ ಶಾಲೆ ಮೇಲಿನ ಭಾರ ಇಳಿಯುತ್ತದೆ. ಮಕ್ಕಳ ಪಾಠವೂ ನಿಲ್ಲುವುದಿಲ್ಲ. ಮನೆ ಮಾಲೀಕರನ್ನು, ಪಂಚಾಯ್ತಿಯವರನ್ನು ನಾನು ಮಾತಾಡಿಸುತ್ತೇನೆ.

ನಿಮ್ಮ ಹುಬ್ಬಳ್ಳಿ, ನವಲಗುಂದದ ಮಳೆ ಬೆಣ್ಣೆಹಳ್ಳದಲ್ಲಿ ಇಲ್ಲಿಗೇ ಬರುತ್ತದೆ. ಅದಕ್ಕೆ ಅಣೆಕಟ್ಟಿಲ್ಲ, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಹಾಗೆ ಮೊದಲೇ ಹೇಳಿ ನೀರು ಬಿಡುವುದಿಲ್ಲ. ಹಾಗಾಗಿ ತಡ ಮಾಡುವುದು ಬೇಡ. ಈ ಭಾನುವಾರ ಬನ್ನಿ. ನಾಲ್ಕು ಕುಡಗೋಲು ನನ್ನ ಹತ್ತಿರ ಇವೆ. ಅಳತೆ ಟೇಪು ಮಾತ್ರ ಇಲ್ಲ, ಅದನ್ನು ತನ್ನಿ.