ಯಾಶಿಕಾ ಎಲೆಕ್ಟ್ರೋ 35: ಕತ್ತಲಲ್ಲೂ ಬಿಸಿಲಲ್ಲೂ ಅದೇ 'ಟಿಕ್', ಸರ್ಕ್ಯೂಟ್ ಹೋಗಿದೆಯಾ?

ಅಡಿಕೆತೋಟ, ಶಿರಸಿ

ನಮಸ್ಕಾರ. ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ, ಎಲೆಕ್ಟ್ರೋ 35 ಜಿಎಸ್‌ಎನ್, ಮೊನ್ನೆ ಕಬ್ಬಿಣದ ಕಪಾಟಿನಲ್ಲಿ ಸಿಕ್ಕಿತು. ಕಡಿಮೆಯೆಂದರೂ ಹದಿನೈದು ಮಳೆಗಾಲ ಚರ್ಮದ ಕೇಸಿನೊಳಗೇ ಕಳೆದಿದೆ. ಕೇಸಿಗೆ ಬಿಳಿ ಬೂಷ್ಟು. ಹಿಂದಿನ ಬಾಗಿಲು ತೆಗೆದರೆ ಅಂಚಿನ ಸ್ಪಂಜು ಡಾಂಬರಿನ ಹಾಗೆ ಬೆರಳಿಗೆ ಹತ್ತಿತು, ಸೋಪಿಗೂ ಬಗ್ಗಲಿಲ್ಲ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು. ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಒಂದು ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು.

ಕ್ಲಿಕ್ ಆಗುತ್ತದೆ. ಆದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಪೂರ್ತಿ ತೆರೆದು 1.7ರಲ್ಲಿಟ್ಟರೂ ಕಿರಿದಾಗಿಸಿ 16ರಲ್ಲಿಟ್ಟರೂ, ಅಂಗಳದಲ್ಲಿ ನಿಂತರೂ ಅಟ್ಟ ಹತ್ತಿದರೂ ಅದೇ ಚುಟುಕು 'ಟಿಕ್'. ಹಿಂದಿನ ಬ್ಯಾಟರಿ ಚೆಕ್ ಗುಂಡಿ ಒತ್ತಿದರೆ ಹಸಿರು ದೀಪ ಇಲ್ಲ. ಹಳೇ ಬ್ಯಾಟರಿ ತೆಗೆದು ಎಸೆದೆ, ಆ ಅಳತೆಯದು ಎಲ್ಲೂ ಸಿಗಲಿಲ್ಲ. ಪೇಟೆಯ ಒಬ್ಬರು ಎರಡು ನಿಮಿಷ ತಿರುಗಿಸಿ ನೋಡಿ, "ಸರ್ಕ್ಯೂಟ್ ಹೋಗಿದೆ, ಶೋಕೇಸಿಗಿಡಿ" ಅಂದರು. ಶಟರಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಡಲೇ?

ಕತ್ತಲಕೋಣೆ, ಮೈಸೂರು

ಮೇಡಂ, ಬ್ಯಾಟರಿಯೇ ಇಲ್ಲದೆ ಸರ್ಕ್ಯೂಟ್ ಸತ್ತಿದೆ ಅಂತ ಹೇಳಿದವರಿಗೆ ದೊಡ್ಡ ನಮಸ್ಕಾರ. ಬ್ಯಾಟರಿ ಇಲ್ಲದ ಎಲೆಕ್ಟ್ರೋ, ಶಟರ್ ವೇಗ ತಾನೇ ಆರಿಸುವ ಆಟೋ ಮೋಡಿನಲ್ಲಿ, ಯಾವಾಗಲೂ ಸೆಕೆಂಡಿನ 1/500ಕ್ಕೇ ಬೀಳುತ್ತದೆ. ನೀವು ಕೇಳುತ್ತಿರುವ ಟಿಕ್ ಅದೇ.

ಮೊದಲು ಕಿಲುಬು. ಇಯರ್‌ಬಡ್ ತುದಿಗೆ ವಿನೆಗರ್ ಮುಟ್ಟಿಸಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಲೋಹ ಮಿನುಗುವವರೆಗೆ ಬಿಡಬೇಡಿ. ಮೂಲ ಬ್ಯಾಟರಿ 5.6 ವೋಲ್ಟಿನ ಪಾದರಸದ್ದು, ಆ ಕಾಲ ಮುಗಿಯಿತು. 6 ವೋಲ್ಟಿನ 4ಎಲ್‌ಆರ್44 ತನ್ನಿ. ಅದು ಗಿಡ್ಡ, ಸಪೂರ. ಹಾಗಾಗಿ ಸುತ್ತ ರಟ್ಟಿನ ಸುರುಳಿ, ಉಳಿದ ಉದ್ದಕ್ಕೆ ಟಾರ್ಚಿನ ಸ್ಪ್ರಿಂಗು. ನನ್ನದು ಹಾಗೇ ನಡೆಯುತ್ತಿದೆ, 0.4 ವೋಲ್ಟ್ ಹೆಚ್ಚಾಯಿತೆಂದು ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕಿನ ಲೆಕ್ಕ) ಕೆಟ್ಟದ್ದಿಲ್ಲ.

ಆಮೇಲೆ ಕ್ಯಾಮೆರಾ ಕಿವಿ ಹತ್ತಿರ ಹಿಡಿದು ಫಿಲ್ಮ್ ಮುಂದಕ್ಕೆಳೆಯುವ ಲಿವರ್ ಎಳೆಯಿರಿ. ಒಳಗೆ 'ಟಕ್' ಅಂತ ದಪ್ಪ ಸದ್ದು ಬರಬೇಕು. ಬರಲಿಲ್ಲವೋ, ಒಳಗಿನ ಪುಟ್ಟ ರಬ್ಬರ್ ಪ್ಯಾಡ್ ಕರಗಿದೆ ಅಂತ ಅರ್ಥ. ಎಕ್ಸ್‌ಪೋಶರ್ ಅಡ್ಡಾದಿಡ್ಡಿ ಆಗುವುದು ಅಲ್ಲಿಂದ. ಈ ಕ್ಯಾಮೆರಾದವರು ಅದನ್ನು 'ಪ್ಯಾಡ್ ಆಫ್ ಡೆತ್' ಅಂತಲೇ ಕರೆಯುತ್ತಾರೆ. ಅದು ಬಿಚ್ಚಿ ಮಾಡುವ ಕೆಲಸ.

ವಾಚ್ ರಿಪೇರಿ, ಹುಬ್ಬಳ್ಳಿ

ಅಕ್ಕಾರ, ಎಣ್ಣಿ ಮಾತ್ರ ಬಿಡಬ್ಯಾಡ್ರಿ! ಶಟರ್ ಎಸಳು ಒಣಾನ ಇರಬೇಕು. ನಮ್ಮ ಅಂಗಡಿಗೆ ಒಬ್ಬಾಂವ ಕೊಬ್ಬರಿ ಎಣ್ಣಿ ಬಿಟ್ಟ ಕ್ಯಾಮೆರಾ ತಂದಿದ್ದ. ಥಂಡ್ಯಾಗ ಎಣ್ಣಿ ಹೆಪ್ಪುಗಟ್ಟಿ ಎಸಳು ಒಂದಕ್ಕೊಂದು ಅಂಟಿ ಕುಂತಿದ್ವು. ಲೈಟರ್ ಪೆಟ್ರೋಲಿನಾಗ ಮೂರು ಸಲ ತೊಳದ್ರೂ ವಾಸನಿ ಹೋಗಲಿಲ್ಲ.

ಸ್ಪಂಜು ಕೆರೀಲಿಕ್ಕೆ ಹಲ್ಲುಕಡ್ಡಿ ಸಾಕು, ಸ್ಪಿರಿಟ್ ಹಚ್ಚಿ ಮೆತ್ತಗ ಮಾಡ್ಕೋರಿ. ಕ್ಯಾಮೆರಾ ಬೋರಲು ಹಿಡೀರಿ, ಇಲ್ಲಂದ್ರ ಪುಡಿ ಒಳಗ ಬೀಳ್ತದ. ಬೆಳಕು ಒಳಗ ಬರಬಾರದಂತ ಸ್ಪಂಜು ಇದ್ದ ಸಂದಿಯೊಳಗ ಸ್ವೆಟರ್ ಹೆಣಿಯೋ ಕರಿ ಉಣ್ಣಿ ದಾರ ಕೂಡಸ್ರಿ. ಬಾಗಲದ ಕೀಲಿನ ಕಡೆ ಕರಿ ವೆಲ್ವೆಟ್ ಪಟ್ಟಿ.

ಕಡಲತಡಿ, ಉಡುಪಿ

ಲೆನ್ಸಿನೊಳಗಿನ ಆ ಎಳೆಗಳು ಫಂಗಸ್. ಅಂಚಿನಲ್ಲಷ್ಟೇ ಇದ್ದರೆ ಸದ್ಯ ಬಿಡಿ. ಸೂರ್ಯನಿಗೆ ಎದುರಾಗಿ ತೆಗೆದಾಗ ಸ್ವಲ್ಪ ಮಬ್ಬು ಬಂದೀತು, ಅಷ್ಟೇ. ಆದರೆ ಆ ಚರ್ಮದ ಕೇಸು ಬೂಷ್ಟಿನ ತವರುಮನೆ, ಅದನ್ನು ಬೇರೆಯೇ ಇಡಿ. ಕ್ಯಾಮೆರಾಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅಕ್ಕಿಯಲ್ಲಿ ಹುಗಿಯಬೇಡಿ, ಧೂಳು ಒಳಗೆ ಹೋಗುತ್ತದೆ.

ಅಡಿಕೆತೋಟ, ಶಿರಸಿ

ಎಲ್ಲರಿಗೂ ಥ್ಯಾಂಕ್ಸ್. ಕಿಲುಬಿಗೆ ಎರಡು ಸಂಜೆ ಹಿಡಿಯಿತು. ಬ್ಯಾಟರಿ ಹಾಕಿ ಗುಂಡಿ ಒತ್ತಿದೆ, ಹಸಿರು ದೀಪ! ಅಟ್ಟದಲ್ಲಿ 16ಕ್ಕಿಟ್ಟು ಒತ್ತಿದರೆ 'ಶಟರ್ ನಿಧಾನ' ಎನ್ನುವ ಹಳದಿ ದೀಪ ಹತ್ತಿತು, ಶಟರ್ ತೆರೆದುಕೊಂಡು ಹಾಗೇ ನಿಂತಿತು. ಎಂಟು ಎಣಿಸಿದ ಮೇಲೆ ಮುಚ್ಚಿತು. ಎಣ್ಣೆ ಬಾಟಲಿ ಅಮ್ಮನ ಮೆಷಿನ್ನಿಗೇ ವಾಪಸ್.

ಒಂದೇ ತಕರಾರು. 'ಟಕ್' ಬರುತ್ತದೆ, ಆದರೆ ಪ್ರತಿ ಸಲ ಅಲ್ಲ. ಹತ್ತು ಸಲ ಎಳೆದರೆ ಎರಡು ಸಲ ತಪ್ಪುತ್ತದೆ.

ಕತ್ತಲಕೋಣೆ, ಮೈಸೂರು

ಪ್ಯಾಡ್ ಸವೆಯುತ್ತಿರುವ ಹಾಗಿದೆ. ರೋಲಿಗೆ ದುಡ್ಡು ಸುರಿಯುವ ಮೊದಲು ಖಾಲಿ ಕ್ಯಾಮೆರಾವನ್ನೇ ನೂರು ಸಲ ಎಳೆದು ಒತ್ತಿ, ಎಷ್ಟು ತಪ್ಪಿತು ಬರೆದಿಡಿ. ತಪ್ಪುವುದು ಹೆಚ್ಚುತ್ತಾ ಹೋದರೆ ಬಿಚ್ಚಲೇಬೇಕು.

ಅಡಿಕೆತೋಟ, ಶಿರಸಿ

ಅಪ್ಪನೇ ಜಗುಲಿಯಲ್ಲಿ ಕೂತು ಎಳೆಯುತ್ತಿದ್ದಾರೆ, ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ. ಈಗ 63 ಆಯಿತು, ತಪ್ಪಿದ್ದು 11. ಊಟಕ್ಕೆ ಕರೆದರೆ ಏಳುತ್ತಿಲ್ಲ.